ಆಡಿದ ಗೊಂಬೆ

ಎಳೆತನದಲ್ಲಿ ಕೈಯಾಡಿದ ವಸ್ತುವೊಂದನ್ನು ವಯಸ್ಸು ಕಳೆದ ಮೇಲೆ ಕಂಡಾಗ ಮನಸ್ಸಿನಲ್ಲಿ ಉಂಟಾಗುವ ಭಾವಕ್ಕೆ ನಮ್ಮ ಆಲಂಕಾರಿಕರು ಸ್ಮೃತಿಯೆಂದು ಹೆಸರಿಟ್ಟು, ಅದನ್ನು ಸಂಚಾರಿ ಭಾವಗಳ ಸಾಲಿನಲ್ಲಿ ಸೇರಿಸಿದ್ದಾರೆ. ಬಂದು ಹೋಗತಕ್ಕದ್ದೇ ಹೊರತು ನೆಲೆಯಾಗಿ ನಿಲ್ಲತಕ್ಕದ್ದಲ್ಲವೆಂದು ಅವರ ಅಭಿಪ್ರಾಯ. ಶಾಸ್ತ್ರವಾಕ್ಯವನ್ನು ಅಲ್ಲಗಳೆಯುವಷ್ಟು ಧೈರ್ಯ ನನಗಿಲ್ಲ. ಆದರೆ ಕೆಲವು ವಸ್ತುಗಳು ಆ ಸ್ಮೃತಿಯನ್ನು ಹಿಡಿದು ನಿಲ್ಲಿಸಿಕೊಳ್ಳಬಲ್ಲವೆಂಬುದನ್ನೂ, ಅವುಗಳ ಬೆಲೆಯನ್ನು ಕಟ್ಟುವುದರಲ್ಲಿ ಪೇಟೆಯ ತಕ್ಕಡಿ ಒಂದಾದರೆ ಮನೆಯ ತಕ್ಕಡಿ ಇನ್ನೊಂದೆಂಬುದನ್ನೂ ಈಚೆಗೆ ನಾನು ಕಣ್ಣಾರೆ ಕಂಡುದರಿಂದ, ಆ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಲು ತೊಡಗಿದ್ದೇನೆ.

ನಾನು ಹೇಳಹೊರಟಿರುವುದು ಅಮೆರಿಕದ ‘ಸ್ಟಾರ್ ವಾರ್ಸ್’ ಎಂಬ ಚಲಚ್ಚಿತ್ರಮಾಲೆಯನ್ನೂ ಅದರ ಗೊಂಬೆಗಳನ್ನೂ ಕುರಿತು. ಪಾಠಶಾಲೆಯಲ್ಲಿ ಲಘುಕೌಮುದಿಯನ್ನೂ ರಘುವಂಶವನ್ನೂ ಓದಿ, ಮೂವತ್ತು ವರ್ಷ ಮಕ್ಕಳಿಗೆ ಶಬ್ದರೂಪಗಳನ್ನು ಹೇಳಿಕೊಟ್ಟು ಮನೆ ಸೇರಿದವನಿಗೆ ಈ ವಿಷಯದಲ್ಲಿ ಅಧಿಕಾರವೆಲ್ಲಿಯದೆಂದು ವಾಚಕರು ಕೇಳಬಹುದು. ಅಧಿಕಾರವು ಬಂಧುತ್ವದಿಂದ ಬಂದುದು. ನಮ್ಮಣ್ಣನವರು ನನಗಿಂತ ಹದಿನಾಲ್ಕು ವರ್ಷ ಹಿರಿಯರು. ಎಂಜಿನಿಯರಿಂಗ್ ಓದಿ, ೧೯೭೦ರಲ್ಲಿ ಅಮೆರಿಕಕ್ಕೆ ಹೋಗಿ, ಓಹಾಯೊ ನದಿಯ ದಡದ ಸಿನ್ಸಿನಾಟಿಯೆಂಬ ಊರಿನಲ್ಲಿ ನೆಲಸಿದರು. ಮರುವರ್ಷ ಅಲ್ಲಿಯೇ ಅವರಿಗೆ ಒಬ್ಬ ಮಗನು ಹುಟ್ಟಿದನು. ಅತ್ತಿಗೆಯವರು ಮೊದಲೇ ತೀರಿಕೊಂಡಿದ್ದರು. ಅಣ್ಣನವರೂ ಹೋದ ಮೇಲೆ ಅವರ ವರ್ಷಾಬ್ದಿಕಕ್ಕೆಂದು ನಾನು ಆ ಊರಿಗೆ ಹೋಗಿ ಆರು ವಾರ ಇದ್ದೆನು. ದೂರದ ಊರಿನಲ್ಲಿ ಉದ್ಯೋಗದಲ್ಲಿರುವ ಅಣ್ಣನ ಮಗನು ತಂದೆಯ ಮನೆಯನ್ನು ಮಾರುವುದಕ್ಕಾಗಿ ಸಾಮಾನುಗಳನ್ನು ತೆರವು ಮಾಡುತ್ತಿದ್ದನು. ನೆಲಮಾಳಿಗೆಯಲ್ಲಿ ಸಿಕ್ಕಿದ ಒಂದು ರಟ್ಟಿನ ಪೆಟ್ಟಿಗೆಯೇ ಈ ಲೇಖನಕ್ಕೆ ಮೂಲ.

ಪೆಟ್ಟಿಗೆಯ ಸಂಗತಿಗೆ ಮೊದಲು ಚಿತ್ರದ ಸಂಗತಿಯನ್ನು ಹೇಳಬೇಕು. ಜಾರ್ಜ್ ಲೂಕಾಸ್ ಎಂಬ ನಿರ್ದೇಶಕನು ರಚಿಸಿದ ಈ ಚಿತ್ರವು ೧೯೭೭ನೆಯ ಇಸವಿ ಮೇ ೨೫ರಂದು ಕೇವಲ ೩೨ ಚಿತ್ರಮಂದಿರಗಳಲ್ಲಿ ಮೊದಲು ತೆರೆಕಂಡಿತು. ಮರಳುಗಾಡಿನಂಥ ಒಂದು ಗ್ರಹದಲ್ಲಿ ಚಿಕ್ಕಪ್ಪ ಚಿಕ್ಕಮ್ಮಂದಿರ ಆಶ್ರಯದಲ್ಲಿ ಬೆಳೆದ ಲ್ಯೂಕನೆಂಬ ತರುಣನು ಓಬಿವಾನನೆಂಬ ವೃದ್ಧಯೋಧನ ಶಿಷ್ಯನಾಗಿ, ಸೆರೆಸಿಕ್ಕಿದ ರಾಜಕುಮಾರಿಯನ್ನು ಬಿಡಿಸಿ, ಕರಿಯ ಕವಚವನ್ನು ತೊಟ್ಟ ಡಾರ್ತ್ ವೇಡರನ ಪಕ್ಷದವರನ್ನು ಎದುರಿಸುವುದೇ ಅದರ ಕಥಾವಸ್ತು. ಬೆಳಕಿನ ಖಡ್ಗಗಳು, ಮಾತಾಡುವ ಯಂತ್ರಪುರುಷರು, ಮೈಯೆಲ್ಲ ರೋಮವುಳ್ಳ ಒಬ್ಬ ಮಿತ್ರ, ಗ್ರಹದಿಂದ ಗ್ರಹಕ್ಕೆ ಹಾರುವ ವಿಮಾನಗಳು. ಪುರಾಣವನ್ನು ಕೇಳಿ ಬೆಳೆದ ನಮಗೆ ಇವುಗಳಲ್ಲಿ ಯಾವುದೂ ತೀರ ಅಪರಿಚಿತವೆನಿಸುವುದಿಲ್ಲ. ೧೯೮೦ರಲ್ಲಿಯೂ ೧೯೮೩ರಲ್ಲಿಯೂ ಕಥೆಯ ಮುಂದಿನ ಭಾಗಗಳು ಬಂದವು.

ಲೂಕಾಸನು ಕಲಾವಿದನಾದಂತೆಯೇ ವ್ಯವಹಾರಜ್ಞನೂ ಆಗಿದ್ದನು. ನಿರ್ದೇಶನದ ಸಂಭಾವನೆಯನ್ನು ೧,೫೦,೦೦೦ ಡಾಲರಿಗಿಂತ ಹೆಚ್ಚಿಸಬೇಕೆಂದು ಹಟ ಹಿಡಿಯದೆ, ಅದಕ್ಕೆ ಬದಲಾಗಿ ಮುಂದಿನ ಚಿತ್ರಗಳ ಹಕ್ಕನ್ನೂ, ಆಟಿಕೆ ಮೊದಲಾದ ಸಾಮಾನುಗಳ ಹಕ್ಕನ್ನೂ ತನಗೆ ಉಳಿಸಿಕೊಂಡನು. ಆಗ ಆ ಹಕ್ಕಿಗೆ ಹೆಚ್ಚಿನ ಬೆಲೆಯಿದೆಯೆಂದು ಯಾರೂ ತಿಳಿದಿರಲಿಲ್ಲ. ಗೊಂಬೆಗಳನ್ನು ಮಾಡಲು ಒಪ್ಪಿದ ಕೆನ್ನರ್ ಎಂಬ ಕಂಪೆನಿಯು ಅಣ್ಣನವರಿದ್ದ ಸಿನ್ಸಿನಾಟಿಯದೇ. ಹಿಟ್ಟನ್ನೂ ಧಾನ್ಯದ ಉಪಾಹಾರಗಳನ್ನೂ ಮಾರುವ ಜನರಲ್ ಮಿಲ್ಸ್ ಎಂಬ ದೊಡ್ಡ ಸಂಸ್ಥೆಗೆ ಅದು ಅಧೀನವಾಗಿದ್ದಿತು. ಚಿತ್ರಕ್ಕೆ ಜನರು ಮುಗಿಬಿದ್ದ ಮೇಲೆ ಆ ವರ್ಷದ ಕ್ರಿಸ್‌ಮಸ್ಸಿಗೆ ಗೊಂಬೆಗಳು ಬೇಕಾದವು. ಅಷ್ಟರೊಳಗೆ ಅವುಗಳನ್ನು ಸಿದ್ಧಪಡಿಸುವುದು ಅಸಾಧ್ಯವಾಗಿದ್ದಿತು. ಆಗ ಕಂಪೆನಿಯವರು ಗೊಂಬೆಗಳಿಲ್ಲದ ಪೊಟ್ಟಣವನ್ನೇ ಮಾರಿದರು! ಅದರಲ್ಲಿದ್ದುದು ಗೊಂಬೆಗಳನ್ನು ನಿಲ್ಲಿಸತಕ್ಕ ಒಂದು ರಟ್ಟಿನ ಹಲಗೆ, ಕೆಲವು ಅಂಟುಚಿತ್ರಗಳು ಮತ್ತು ಒಂದು ಪತ್ರ. ಆ ಪತ್ರವನ್ನು ಅಂಚೆಯಲ್ಲಿ ಕಳುಹಿಸಿದವರಿಗೆ ಮರುವರ್ಷ ನಾಲ್ಕು ಗೊಂಬೆಗಳು ಬರುವುವೆಂದು ವಾಗ್ದಾನ.

ಈ ಸಂಗತಿಯನ್ನು ಅಣ್ಣನವರು ಆಗಲೇ ನನಗೆ ಬರೆದಿದ್ದರು. ನಾನು ಪಾಠಶಾಲೆಯಲ್ಲಿ ಓದುತ್ತಿದ್ದೆನು. ವಿಮಾನದ ಅಂಚೆಯ ನೀಲಿ ಕಾಗದದಲ್ಲಿ, ಊರಿನ ಮಳೆ ಬೆಳೆ ವಿಚಾರಿಸಿದ ಮೇಲೆ, “ಮಗುವಿಗೆ ಹಬ್ಬದ ಉಡುಗೊರೆಯಾಗಿ ಬರಿಯ ಪೊಟ್ಟಣವೊಂದನ್ನು ದುಡ್ಡು ಕೊಟ್ಟು ತಂದಿದ್ದೇನೆ. ನಿನ್ನ ಅತ್ತಿಗೆ ನಗುತ್ತಾಳೆ. ಮಗು ಮಾತ್ರ ನಗಲಿಲ್ಲ, ಹಲಗೆಯ ಮೇಲೆ ಯಾರು ಯಾರು ಎಲ್ಲಿ ನಿಲ್ಲುವರೆಂದು ನನಗೆ ತೋರಿಸಿ ಕೊಟ್ಟನು” ಎಂದಿದ್ದಿತು. ಆರು ವರ್ಷದ ಹುಡುಗನು ಇಲ್ಲದ ಗೊಂಬೆಗಳನ್ನು ತಿಂಗಳುಗಟ್ಟಲೆ ಆ ಹಲಗೆಯ ಮೇಲೆ ಆವಾಹನೆ ಮಾಡಿಕೊಂಡಿದ್ದನು. ೧೯೭೮ರಲ್ಲಿ ಲ್ಯೂಕ, ರಾಜಕುಮಾರಿ ಲೇಯಾ, ರೋಮಶರೀರದ ಚ್ಯೂಬಾಕ, ಆರ್‌ಟೂ-ಡೀಟೂ ಎಂಬ ಗಿಡ್ಡ ಯಂತ್ರ, ಈ ನಾಲ್ವರೂ ಅಂಚೆಯಲ್ಲಿ ಬಂದಿಳಿದರು. ಲ್ಯೂಕನ ಗೊಂಬೆಯ ಎತ್ತರವು ೩¾ ಅಂಗುಲ. ವಿಮಾನಗಳೂ ಅದೇ ಪ್ರಮಾಣದಲ್ಲಿದ್ದು ಗೊಂಬೆಗಳು ಅವುಗಳೊಳಗೆ ಕುಳಿತುಕೊಳ್ಳುವಂತಿರಬೇಕೆಂದು ಅಷ್ಟು ಚಿಕ್ಕದಾಗಿ ಮಾಡಿದರಂತೆ. ಮುಂದೆ ೧೯೮೫ರವರೆಗೆ ನೂರರ ಸಮೀಪದಷ್ಟು ಬಗೆಯ ಗೊಂಬೆಗಳು ಹೊರಬಂದವು. ಹುಟ್ಟುಹಬ್ಬಕ್ಕೊಂದು, ಪರೀಕ್ಷೆಯಲ್ಲಿ ತೇರ್ಗಡೆಯಾದುದಕ್ಕೊಂದು, ಜ್ವರ ಬಿಟ್ಟುದಕ್ಕೊಂದು ಎಂದು ಅಣ್ಣನವರು ಕೊಡಿಸುತ್ತ ಬಂದು, ಪೆಟ್ಟಿಗೆಯಲ್ಲಿ ಐವತ್ತಕ್ಕೆ ಮೇಲ್ಪಟ್ಟು ಸೇರಿದ್ದವು.

ಅಣ್ಣನವರು ಮಿತಭಾಷಿಗಳು. ಆದರೆ ಗೊಂಬೆ ಕೈಗೆ ಬಂದರೆ ಅವರ ನಾಲಗೆ ಬಿಚ್ಚುತ್ತಿದ್ದಿತು. ನಾನು ನಾಲ್ಕೈದು ವರ್ಷದವನಾಗಿದ್ದಾಗ ನವರಾತ್ರಿಯ ಗೊಂಬೆಗಳನ್ನು ಇಳಿಸುವ ದಿನ, ಅವರು ಅವುಗಳನ್ನು ಒಳಗಿಡುವ ಮೊದಲು ನನ್ನ ಮುಂದೆ ಸಾಲಾಗಿಟ್ಟು ಜೈಮಿನಿ ಭಾರತದ ಕಥೆಗಳನ್ನು ಆಡಿಸಿ ತೋರಿಸುತ್ತಿದ್ದರು. ಪಟ್ಟದ ಗೊಂಬೆ ಅರ್ಜುನ. ಸೆಟ್ಟಿಯ ಗೊಂಬೆ ಯಾವನಾದರೂ ಒಬ್ಬ ರಾಕ್ಷಸ. ಸಿನ್ಸಿನಾಟಿಯಲ್ಲಿ ಅವರು ಮಾಡಿದುದೂ ಇದನ್ನೇ. ಮಗನಿಗೆ ಶಾಲೆಯಲ್ಲಿಯೂ ಬೀದಿಯಲ್ಲಿಯೂ ಇಂಗ್ಲಿಷೇ. ಮನೆಯಲ್ಲಿ ಕನ್ನಡ ಮಾತಾಡೆಂದರೆ ಓಡಿಹೋಗುತ್ತಿದ್ದನು. ಆದರೆ ಗೊಂಬೆಗಳ ಯುದ್ಧದಲ್ಲಿ ತಂದೆಯ ಪಕ್ಷದವರು ಕನ್ನಡವಲ್ಲದೆ ಬೇರೆ ಮಾತಾಡುತ್ತಿರಲಿಲ್ಲವಾದುದರಿಂದ, ಎದುರು ಪಕ್ಷದವನೂ ಕನ್ನಡದಲ್ಲಿಯೇ ಉತ್ತರ ಕೊಡಬೇಕಾಗುತ್ತಿದ್ದಿತು. ಓಬಿವಾನನು ದ್ರೋಣಾಚಾರ್ಯನಾದನು. ೧೯೮೦ರ ಚಿತ್ರದಲ್ಲಿ ಕಾಣಿಸಿಕೊಂಡ ಯೋಡನೆಂಬ ಕುಳ್ಳ ಗುರುವು ವಾಮನಮೂರ್ತಿಯಾದನು.

ಈ ಸಾಮ್ಯವು ಕೇವಲ ಅಣ್ಣನವರ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಜಗತ್ತಿನ ಪುರಾಣಗಳಲ್ಲಿರುವ ವೀರರ ಕಥೆಗಳನ್ನು ಹೋಲಿಸಿ ಜೋಸೆಫ್ ಕ್ಯಾಂಪ್‌ಬೆಲ್ ಎಂಬ ವಿದ್ವಾಂಸರು ೧೯೪೯ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ತಾನು ಋಣಿಯೆಂದು ಲೂಕಾಸನೇ ಹೇಳಿದ್ದಾನೆ. ಆ ಕ್ಯಾಂಪ್‌ಬೆಲ್ಲರು ನಮ್ಮ ಪುರಾಣಗಳನ್ನೂ ದರ್ಶನಗಳನ್ನೂ ಬಹುಕಾಲ ವ್ಯಾಸಂಗ ಮಾಡಿದವರು. ೧೯೯೯ರಲ್ಲಿ ಹೊರಬಂದ ಇದೇ ಮಾಲೆಯ ಇನ್ನೊಂದು ಚಿತ್ರದಲ್ಲಿ ಖಡ್ಗಯುದ್ಧದ ಸಮಯಕ್ಕೆ ಜಾನ್ ವಿಲಿಯಮ್ಸ್ ಅವರು ರಚಿಸಿದ ವೃಂದಗಾನದ ಭಾಷೆ ಸಂಸ್ಕೃತವೇ. ವೇಲ್ಸ್ ದೇಶದ ಹಳೆಯ ಕವಿತೆಯೊಂದರ ಭಾಗವನ್ನು ಸಂಸ್ಕೃತಕ್ಕೆ ತಂದು ಹಾಡಿಸಿದ್ದಾರೆ. ಅಣ್ಣನ ಮಗನು ಅದನ್ನು ನನಗೆ ಕೇಳಿಸಿದಾಗ ನಾನು ಅಭ್ಯಾಸಬಲದಿಂದ ಪದಚ್ಛೇದಕ್ಕೆ ತೊಡಗಿದೆನು, ಅನ್ವಯವು ಕೂಡಲಿಲ್ಲ. ಅಕ್ಷರಗಳನ್ನು ಅರ್ಥಕ್ಕಿಂತ ನಾದಕ್ಕಾಗಿ ಜೋಡಿಸಿದ್ದಾರೆಂದು ಅವನು ವಿವರಿಸಿದನು.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ೧೯೮೦ರ ಚಿತ್ರದ ಕೊನೆಯಲ್ಲಿ, ಕರಿಯ ಕವಚದ ಆ ಕ್ರೂರನೇ ಲ್ಯೂಕನಿಗೆ ತಂದೆಯೆಂದು ಬಯಲಾಗುತ್ತದೆ. ಒಂಬತ್ತು ವರ್ಷದ ಹುಡುಗನಿಗೆ ಇದು ಸಹಿಸಲಾರದ ಮಾತಾಯಿತು. ದಾರಿಯುದ್ದಕ್ಕೂ ಅಳುತ್ತ ಬಂದನಂತೆ. ತಂದೆಯಾದವನು ಮಗನ ಮೇಲೆ ಖಡ್ಗವೆತ್ತುವುದುಂಟೆ ಎಂದು ಅವನ ಪ್ರಶ್ನೆ. ಅಣ್ಣನವರು ಕಾರು ನಡೆಸುತ್ತಿದ್ದು ಏನೂ ಹೇಳಲಿಲ್ಲ. ಮನೆಗೆ ಬಂದು, ಕೈಕಾಲು ತೊಳೆದು, ಎರಡು ಗೊಂಬೆಗಳನ್ನು ಎದುರೆದುರಾಗಿ ನಿಲ್ಲಿಸಿ ಬಭ್ರುವಾಹನನ ಕಥೆಯನ್ನು ಹೇಳಿದರು. ಮಗನೆಂದು ಬಂದು ಕಾಲಿಗೆರಗಿದವನನ್ನು ಅರ್ಜುನನು ತಿರಸ್ಕರಿಸಿದುದು, ಮಗನ ಬಾಣಕ್ಕೆ ತಂದೆಯ ತಲೆ ಬಿದ್ದುದು, ಪಾತಾಳದಿಂದ ಮಣಿಯನ್ನು ತಂದು ಅವನನ್ನು ಬದುಕಿಸಿದುದು, ಎಲ್ಲವನ್ನೂ ಹೇಳಿದರು. ಹುಡುಗನು ಸಮಾಧಾನಗೊಂಡನು, ಮುಂದಿನ ಚಿತ್ರದಲ್ಲಿ ಮಣಿ ಬಂದೇ ಬರುವುದೆಂದು ಮೂರು ವರ್ಷ ಕಾದನು. ೧೯೮೩ರ ಚಿತ್ರದಲ್ಲಿ ತಂದೆಯು ಮಗನನ್ನು ಕಾಪಾಡಿ, ಮನಸ್ಸು ತಿಳಿಯಾಗಿ, ತಾನು ಸಾಯುತ್ತಾನೆ. ಚಿತ್ರ ಮುಗಿದ ಮೇಲೆ ಅಣ್ಣನವರು, “ನಮ್ಮ ಲಕ್ಷ್ಮೀಶನಿಗೆ ಮಣಿ ಸಿಕ್ಕಿತು, ಇವರಿಗೆ ಸಿಕ್ಕಲಿಲ್ಲ” ಎಂದಷ್ಟೇ ಹೇಳಿದರಂತೆ.

ಈ ಕಥೆಯನ್ನು ಅಣ್ಣನ ಮಗನು ನೆಲಮಾಳಿಗೆಯಲ್ಲಿ ಕುಳಿತು ನನಗೆ ಹೇಳಿದನು. ಹೇಳುವಾಗ ಇಂಗ್ಲಿಷಿನಲ್ಲಿಯೇ ಹೇಳುತ್ತ, ಗೊಂಬೆಗಳ ಮಾತು ಬಂದಲ್ಲಿ ಮಾತ್ರ ಕನ್ನಡಕ್ಕೆ ತಿರುಗುತ್ತಿದ್ದನು. “ಎಲವೋ ಪಾರ್ಥ” ಎಂದು ಅವನು ಎಳೆದು ನುಡಿದಾಗ ನನಗೆ ಮೈ ಜುಮ್ಮೆಂದಿತು. ಆ ಎಳೆತವು, ‘ಪಾರ್ಥ’ ಎಂಬಲ್ಲಿ ಒಂದು ಕ್ಷಣ ತಡೆದು ಬಿಡುವ ಆ ಉಸಿರು, ಎಲ್ಲವೂ ಅರುವತ್ತು ವರ್ಷದ ಹಿಂದೆ ನಮ್ಮ ಮನೆಯ ನಡುವಂಕಣದಲ್ಲಿ ನಾನು ಕೇಳಿದುದೇ. ಅವನ ಕನ್ನಡವೆಲ್ಲವೂ ಈ ಬಗೆಯದು. ಅಂಗಡಿಗೆ ಹೋಗಿ ಬೇಳೆ ಕೇಳಲು ಅವನಿಗೆ ಬಾರದು. ಶರ, ಶಿರ, ರಥ, ವತ್ಸ, ಅಭಯ ಎಂಬ ಮಾತುಗಳು ಬರುತ್ತವೆ. ನಾನು ಬಡಿಸಹೋದ ಮೂರನೆಯ ಸೌಟು ಸಾರನ್ನು ತಡೆಯುವುದಕ್ಕೆ, “ಚಿಕ್ಕಪ್ಪಾ, ಶರಣಾಗತನಾಗಿದ್ದೇನೆ” ಎಂದು ಕೈಮುಗಿದನು. ಅವನ ನಾಯಿಯನ್ನು ಕರೆಯುವುದೂ “ಎಲವೋ” ಎಂದೇ. ನಾವಿಬ್ಬರೂ ನಕ್ಕೆವು.

ನಕ್ಕ ಮೇಲೆ ಅವನು ಇನ್ನೊಂದು ಸಂಗತಿಯನ್ನು ಹೇಳಿದನು. ಅಣ್ಣನವರಿಗೆ ಮೆದುಳಿನಲ್ಲಿ ರಕ್ತಸ್ರಾವವಾದ ಮೇಲೆ, ಐವತ್ತು ವರ್ಷ ಆಡಿದ ಇಂಗ್ಲಿಷು ಅವರನ್ನು ಬಿಟ್ಟುಹೋಯಿತಂತೆ. ಕನ್ನಡವೊಂದೇ ಉಳಿಯಿತು. ವೈದ್ಯರಿಗೂ ದಾದಿಯರಿಗೂ ಅವರ ಮಾತು ತಿಳಿಯದು. ಮಗನಿಗೂ ಅರ್ಧ ತಿಳಿಯದು. ಕೊನೆಯ ಹನ್ನೊಂದು ದಿನ ಅವನು ತನಗೆ ಬರುತ್ತಿದ್ದ ಕನ್ನಡದಲ್ಲಿಯೇ ತಂದೆಯೊಡನೆ ಮಾತಾಡಿದನು. ನೀರು ಬೇಕೇ ಎಂಬುದನ್ನು “ಜಲವನ್ನು ತರಲೇ” ಎಂದು ಕೇಳಿದನು. ರಾತ್ರಿ ಅವರು ಹೆದರಿ ಎದ್ದರೆ “ಅಭಯ, ಅಭಯ” ಎಂದನು. ಅವರು ಅವನ ಕೈ ಹಿಡಿದು ಮಲಗುತ್ತಿದ್ದರಂತೆ. “ಈ ಪೆಟ್ಟಿಗೆ ಇಲ್ಲದಿದ್ದರೆ ಆಗ ನನಗೆ ಒಂದು ಮಾತೂ ಇರುತ್ತಿರಲಿಲ್ಲ, ಚಿಕ್ಕಪ್ಪ” ಎಂದನು.

ಆ ಪೆಟ್ಟಿಗೆಗೆ ಬೆಲೆ ಕಟ್ಟಲು ಹಳೆಯ ಆಟಿಕೆಗಳ ವ್ಯಾಪಾರಿಯೊಬ್ಬನು ಬಂದನು. ಸಜ್ಜನ, ಕುಶಲಿ. ಒಂದೊಂದು ಗೊಂಬೆಯ ಕಾಲನ್ನೂ ಭೂತಗನ್ನಡಿಯಿಂದ ನೋಡಿದನು. ಅಲ್ಲಿ ಇಸವಿಯೂ, ಹಾಂಕಾಂಗ್ ಎಂಬ ಹೆಸರೂ ಅಚ್ಚಾಗಿದ್ದವು. ಸಿನ್ಸಿನಾಟಿಯ ಕಂಪೆನಿಯ ಗೊಂಬೆಗಳು ಎರಕಗೊಂಡುದು ಅಷ್ಟು ದೂರದಲ್ಲಿ. ಖಡ್ಗ ಬಂದೂಕುಗಳು ಕಳೆದಿವೆ, ಬಣ್ಣ ಸವೆದಿದೆ, ಮೂಲದ ರಟ್ಟು ಇಲ್ಲ, ಆದುದರಿಂದ ಬೆಲೆ ಅಲ್ಪವೆಂದನು. ಓಬಿವಾನನ ಗೊಂಬೆಗೆ ಕಂದುಬಣ್ಣದ ತೆಳ್ಳನೆಯ ಪ್ಲಾಸ್ಟಿಕ್ಕಿನ ಮೇಲುಹೊದಿಕೆಯಿರಬೇಕು. ಅದು ಹರಿದುಹೋದಾಗ ಅತ್ತಿಗೆಯವರು ತಮ್ಮ ಹಳೆಯ ಸೀರೆಯ ಸೆರಗಿನ ಚೂರೊಂದನ್ನು ಹೊಲಿದು ಹೊದಿಸಿದ್ದರು. ಅದನ್ನು ಬಿಚ್ಚಿದರೆ ಗೊಂಬೆಗೆ ಸ್ವಲ್ಪ ಬೆಲೆ ಬಂದೀತೆಂದು ವ್ಯಾಪಾರಿಯು ಮೃದುವಾಗಿ ಸೂಚಿಸಿದನು.

ವ್ಯಾಪಾರಿಯದು ತಪ್ಪಲ್ಲ, ಪೇಟೆಯ ಲೆಕ್ಕವೇ ಹಾಗೆ. ಪೊಟ್ಟಣ ಒಡೆಯದ ಗೊಂಬೆಗೆ ಹೆಚ್ಚು ಬೆಲೆ, ಒಡೆದುದಕ್ಕೆ ಕಡಮೆ, ಮಗುವಿನ ಹಲ್ಲಿನ ಗುರುತಿದ್ದುದಕ್ಕೆ ಇನ್ನೂ ಕಡಮೆ. ಬೋಬಾ ಫೆಟ್ ಎಂಬ ಪಾತ್ರದ ಒಂದು ಗೊಂಬೆಯ ಬೆನ್ನಿನಿಂದ ಚಿಕ್ಕ ಬಾಣವು ಚಿಮ್ಮುವಂತೆ ಮಾಡಲು ಕೆನ್ನರಿನವರು ಯೋಚಿಸಿದ್ದರು. ಅಷ್ಟರಲ್ಲಿ ಬೇರೊಂದು ಕಂಪೆನಿಯ ಅಂಥದೇ ಆಟಿಕೆಯಿಂದ ಮಗುವೊಂದು ಸತ್ತುದರಿಂದ, ಆ ಯೋಚನೆಯನ್ನು ಬಿಟ್ಟು ಬಾಣವನ್ನು ಅಂಟಿಸಿ ಮಾರಿದರು. ಮಾದರಿಗೆಂದು ಮಾಡಿದ ಕೆಲವು ಮಾತ್ರ ಉಳಿದವು. ಅವುಗಳಲ್ಲೊಂದು ೨೦೨೪ರ ಹರಾಜಿನಲ್ಲಿ ೫,೨೫,೦೦೦ ಡಾಲರಿಗೆ ಹೋಯಿತು. ಯಾವ ಮಗುವಿನ ಕೈಗೂ ಮಾರಾಟಕ್ಕೆ ಬಾರದ ಆಟಿಕೆಗೆ ಎಲ್ಲಕ್ಕಿಂತ ಹೆಚ್ಚಿನ ಬೆಲೆ!

ಶೂದ್ರಕನ ಮೃಚ್ಛಕಟಿಕವು ಇಲ್ಲಿ ನೆನಪಿಗೆ ಬರುವುದು ಸಹಜ. ಚಾರುದತ್ತನ ಮಗ ರೋಹಸೇನನು ನೆರೆಯ ಹುಡುಗನ ಚಿನ್ನದ ಬಂಡಿಯಲ್ಲಿ ಆಡಿ, ಅದು ಕೈತಪ್ಪಿದ ಮೇಲೆ ದಾಸಿ ಮಾಡಿಕೊಟ್ಟ ಮಣ್ಣಿನ ಬಂಡಿಯನ್ನು ಒಲ್ಲದೆ ಅಳುತ್ತಾನೆ. ವಸಂತಸೇನೆಯು ತನ್ನ ಒಡವೆಗಳನ್ನು ಕಳಚಿ ಆ ಬಂಡಿಯಲ್ಲಿ ತುಂಬುತ್ತಾಳೆ. ಹತ್ತು ಅಂಕಗಳ ಆ ಪ್ರಕರಣದಲ್ಲಿ ರಾಜ್ಯವೇ ಕೈಬದಲಾಯಿಸುತ್ತದೆ; ಆದರೂ ಕವಿಯು ಹೆಸರಿಟ್ಟುದು ರಾಜನದನ್ನಲ್ಲ, ಚಿನ್ನದ ಬಂಡಿಯದನ್ನೂ ಅಲ್ಲ, ಮಣ್ಣಿನದನ್ನು. ಕೊಟ್ಟ ಕೈ ಯಾವುದೆಂಬುದರಿಂದ ಆಟಿಕೆಗೆ ಬೆಲೆಯೆಂಬುದನ್ನು ಅವನು ಬಲ್ಲವನಾಗಿದ್ದನು.

ಇದೆಲ್ಲವೂ ವ್ಯಾಪಾರದ ಮಾಯೆ, ದುಡ್ಡಿಗಾಗಿ ಮಕ್ಕಳಲ್ಲಿ ಆಸೆ ಹುಟ್ಟಿಸಿದವರ ಜಾಣತನವನ್ನು ನೀವು ಕಾವ್ಯವೆಂದು ಹೊಗಳುತ್ತಿದ್ದೀರೆಂದು ಕೆಲವರು ಆಕ್ಷೇಪಿಸಬಹುದು. ಬರಿಯ ಪೊಟ್ಟಣವನ್ನು ಮಾರಿದವರ ಜಾಣತನವನ್ನು ನಾನು ಮರೆತಿಲ್ಲ. ಆದರೆ ಕಂಪೆನಿಯು ಮಾರಿದುದು ಗೊಂಬೆಯನ್ನು. ಆಟವನ್ನು ಮಾರಲು ಅದಕ್ಕೆ ಸಾಧ್ಯವಿರಲಿಲ್ಲ. ಆಟವು ಮನೆಯಲ್ಲಿ ಸೇರಿಕೊಂಡುದು. ಬಭ್ರುವಾಹನನನ್ನು ಹಾಂಕಾಂಗಿನಲ್ಲಿ ಯಾರೂ ಎರಕ ಹೊಯ್ಯಲಿಲ್ಲ.

ಗೊಂಬೆಗೆ ಇನ್ನೊಂದು ಗುಣವುಂಟು. ಹಳೆಯ ಚಿತ್ರಗಳಿಗೆ ಬಣ್ಣ ಹಚ್ಚಿ ಬದಲಾಯಿಸುವುದು ಸಲ್ಲದೆಂದು ಲೂಕಾಸನು ೧೯೮೮ರಲ್ಲಿ ಅಮೆರಿಕದ ಶಾಸನಸಭೆಯ ಸಮಿತಿಯ ಮುಂದೆ ವಾದಿಸಿದ್ದನು. ಅವನೇ ೧೯೯೭ರಲ್ಲಿ ತನ್ನ ಮೂರು ಚಿತ್ರಗಳನ್ನೂ ತಿದ್ದಿ, ಹೊಸ ದೃಶ್ಯಗಳನ್ನು ಸೇರಿಸಿ ಹೊರತಂದನು. ಪಾನಗೃಹದ ಜಗಳದಲ್ಲಿ ಮೊದಲು ಯಾರು ಗುಂಡು ಹಾರಿಸಿದರೆಂಬುದು ಕೂಡ ಬದಲಾಯಿತು! ೨೦೧೨ರಲ್ಲಿ ಡಿಸ್ನಿ ಸಂಸ್ಥೆಯು ೪೦೫ ಕೋಟಿ ಡಾಲರಿಗೆ ಎಲ್ಲವನ್ನೂ ಕೊಂಡುಕೊಂಡಿತು. ಚಿಕ್ಕಂದಿನಲ್ಲಿ ನೋಡಿದ ಚಿತ್ರವನ್ನೇ ಮತ್ತೆ ನೋಡಬೇಕೆಂದವರು ಬಹುಕಾಲ ಅದಕ್ಕಾಗಿ ಹಂಬಲಿಸಿದರು. ೨೦೨೫ರಲ್ಲಿ ಲಂಡನ್ನಿನ ಚಿತ್ರೋತ್ಸವವೊಂದರಲ್ಲಿ ೧೯೭೭ರ ಮೂಲಪ್ರತಿಯನ್ನು ತೋರಿಸಿದುದೇ ದೊಡ್ಡ ವಾರ್ತೆಯಾಯಿತು. ಕಾವ್ಯಕ್ಕೆ ಪಾಠಾಂತರಗಳು ಬಂದವು, ಗೊಂಬೆಗೆ ಬರಲಿಲ್ಲ. ದುಷ್ಯಂತನ ಉಂಗುರದಂತೆ ಅದು ಕೊಟ್ಟ ದಿನದ ರೂಪದಲ್ಲಿಯೇ ಉಳಿದು, ಮರೆತವನಿಗೆ ಗುರುತನ್ನು ತೋರಿಸುತ್ತದೆ.

ಅಣ್ಣನ ಮಗನು ಪೆಟ್ಟಿಗೆಯನ್ನು ಮಾರಲಿಲ್ಲ. ವ್ಯಾಪಾರಿಗೆ ಕಾಫಿ ಕೊಟ್ಟು ಕಳುಹಿಸಿದನು. ಆದರೆ ಅವನಿಗೊಂದು ಚಿಂತೆ ಹತ್ತಿತು. ಅವನ ಮಗಳಿಗೆ ಹದಿನಾರು ವರ್ಷ. ಅವಳು ಈ ಚಿತ್ರಗಳನ್ನು ನೋಡಿದವಳಾದರೂ ಅವಳಿಗೆ ಓಬಿವಾನನು ಓಬಿವಾನನೇ, ದ್ರೋಣನಲ್ಲ. ನಾಳೆ ಪೆಟ್ಟಿಗೆ ಅವಳ ಕೈಗೆ ಹೋದರೆ, ಈ ಗೊಂಬೆಗೆ ಕೆಂಪು ಬಟ್ಟೆಯ ಚೂರು ಏಕೆಂಬುದನ್ನು ಹೇಳುವವರಾರು? ಬಿಚ್ಚಿ ಎಸೆದರೆ ಅವಳ ತಪ್ಪಲ್ಲ.

ಮೇಷ್ಟರಾದವರಿಗೆ ತಿಳಿದ ಉಪಾಯ ಒಂದೇ. ನಾನು ಕಾಗದವನ್ನು ಚೀಟಿಗಳಾಗಿ ಕತ್ತರಿಸಿದೆನು. ಒಂದೊಂದು ಗೊಂಬೆಯನ್ನೂ ಅವನು ಕೈಯಲ್ಲಿ ಹಿಡಿದು ಹೇಳಿದಂತೆ, ಅದು ಯಾವ ವರ್ಷ ಬಂದಿತು, ಯಾವ ಕಾರಣಕ್ಕೆ ಬಂದಿತು, ಅದಕ್ಕೆ ಅಣ್ಣನವರು ಕೊಟ್ಟ ಹೆಸರೇನು ಎಂಬುದನ್ನು ನಾನು ಕನ್ನಡದಲ್ಲಿ ಬರೆದೆನು. ಅವನು ಕೆಳಗೆ ಇಂಗ್ಲಿಷಿನಲ್ಲಿ ಬರೆದನು. ಎರಡು ಸಂಜೆ ಹಿಡಿಯಿತು. ಎರಡನೆಯ ಸಂಜೆ ಅವನ ಮಗಳೂ ಬಂದು ಕುಳಿತು, ನನ್ನ ಅಕ್ಷರಗಳ ಮೇಲೆ ಬೆರಳಾಡಿಸಿ, ಇದು ಯಾವ ಅಕ್ಷರ, ಅದು ಯಾವುದು ಎಂದು ಕೇಳಿದಳು. ‘ಬ’ಕ್ಕೆ ‘ಭ’ಕ್ಕೆ ಏನು ಭೇದವೆಂದು ತೋರಿಸಿಕೊಟ್ಟೆನು. ಓಬಿವಾನನ ಚೀಟಿಯನ್ನು ಅವಳೇ ಕಟ್ಟಿದಳು. ಅದರಲ್ಲಿ ಬರೆದಿರುವುದು ಇಷ್ಟು: “ದ್ರೋಣಾಚಾರ್ಯ. ೧೯೭೮. ಸೆರಗು ಅಜ್ಜಿಯದು, ಬಿಚ್ಚತಕ್ಕದ್ದಲ್ಲ.”